ತಗಡಿನ ಬೆನ್ನು

ಗೊದೆಲೀವ ಅಚ್ಚಿನ ತಗಡನ್ನು ತಿರುಗಿಸಿದಳು. ಉಳಿಯನ್ನಲ್ಲ, ತಗಡನ್ನು. ಬಾಗಿದ ಗೆರೆ ಬೇಕಾದಾಗ ಬಲಗೈ ಅಲುಗಬಾರದು. ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ತಾಮ್ರವೇ ಸುತ್ತಿ ಬರಬೇಕು, ಉಳಿ ನಿಂತಲ್ಲೇ ನಿಂತು ಅದನ್ನು ಎದುರುಗೊಳ್ಳಬೇಕು. ಕೊರಳಪಟ್ಟಿಯ ಕಸೂತಿಯಲ್ಲಿ ಇನ್ನು ಒಂದೇ ಒಂದು ಎಸಳು ಬಾಕಿಯಿತ್ತು. ಕೂದಲೆಳೆಯಾಗಿ ಶುರುವಾಗಿ, ನಡುವೆ ಮೈದುಂಬಿ, ಮತ್ತೆ ಕೂದಲೆಳೆಯಾಗಿ ಮುಗಿಯುವ ಒಂದು ಗೆರೆ. ಉಳಿಯ ಮೂತಿಯಿಂದ ತಾಮ್ರದ ಸಣ್ಣ ಸುರುಳಿ ಎದ್ದು, ಕಿಟಕಿಯ ಮಂಕು ಬೆಳಕಿನಲ್ಲಿ ಒಮ್ಮೆ ಹೊಳೆದು, ಅವಳ ಮಡಿಲಿಗೆ ಬಿತ್ತು.

ಹೀಗೆ ತಿರುಗಿಸುವಾಗೆಲ್ಲ ಅವಳ ಎಡಗೈಯ ನಡುಬೆರಳು ತಗಡಿನ ಬೆನ್ನಿನಲ್ಲಿ ಒಂದು ಕಡೆ ತಡೆದು ನಿಲ್ಲುತ್ತಿತ್ತು. ಕೆಳಗಿನ ಅಂಚಿನ ಹತ್ತಿರ, ಸಾಲಾಗಿ, ಕೆಲವು ಕುಳಿಗಳು. ಹಳೆಯ ತಾಮ್ರ. ಅಟ್ಟದಲ್ಲಿ ಇದ್ದಿಲಿನ ಚೀಲಗಳ ಕೆಳಗೆ ಬಿದ್ದಿದ್ದ ತಗಡನ್ನು ಅವಳ ಗಂಡ ಆರ್ನೌಟ್ ಕಂಡುಹಿಡಿದು, ಕಂಚುಗಾರನ ಹತ್ತಿರ ಹಳೆಯ ಚಿತ್ರವನ್ನು ಹೆರೆಸಿ, ಹೊಳಪು ಕೊಡಿಸಿ ತಂದಿದ್ದ. ಎಂಥ ಜಾಣತನ ಮಾಡಿದೆ ನೋಡು ಎಂದು ವಾರಗಟ್ಟಲೆ ಹೇಳಿಕೊಂಡು ಓಡಾಡಿದ್ದ. ಮುಂಭಾಗವೇನೋ ಕನ್ನಡಿಯಂತಾಗಿತ್ತು. ಬೆನ್ನನ್ನು ಯಾರು ನೋಡುತ್ತಾರೆ?

ಆ ಕನ್ನಡಿಯಲ್ಲಿ ಈಗ ಒಬ್ಬ ಮನುಷ್ಯನಿದ್ದ. ದ್ರಾಕ್ಷಾರಸದ ವ್ಯಾಪಾರದಲ್ಲಿ ಕೊಬ್ಬಿ, ಆಮೇಲೆ ನಗರಸಭೆಯ ಹಿರಿಯನಾದವನು. ಅಂಡಾಕಾರದ ಚೌಕಟ್ಟು, ಹಿಂದೆ ಮಡಿಕೆಮಡಿಕೆಯಾಗಿ ಇಳಿಬಿದ್ದ ಪರದೆ, ಭುಜದ ಮೇಲೆ ಸುರುಳಿ ಸುರುಳಿ ಕೃತಕ ಕೂದಲು, ಚೌಕಟ್ಟಿನ ಕೆಳಗೆ ಕಲ್ಲಿನ ಪೀಠ. ಈಸ್ಟರ್ ಕಳೆದ ಮೇಲೆ ಶುರು ಮಾಡಿದ ಕೆಲಸ. ಆ ಮನುಷ್ಯನ ಕಣ್ಣಿನ ಕೆಳಗಿನ ಚೀಲ, ತುಟಿಯ ಕೊನೆಯಲ್ಲಿದ್ದ ಸಣ್ಣ ಜಿಪುಣತನ, ಕೆನ್ನೆಯ ಮೇಲೆ ಹಳೆಯ ಸಿಡುಬಿನ ಒಂದು ಕಲೆ, ಎಲ್ಲವೂ ಗೊದೆಲೀವಳಿಗೆ ತನ್ನ ಮನೆಯವರ ಮುಖಕ್ಕಿಂತ ಚೆನ್ನಾಗಿ ಗೊತ್ತಿದ್ದವು. ಪೀಠದಲ್ಲಿ ಮಾತ್ರ ಇನ್ನೂ ಏನೂ ಕೆತ್ತಿರಲಿಲ್ಲ. ಅಲ್ಲಿ ಕೆತ್ತಿದವರ ಹೆಸರು ಬರಬೇಕು.

ಅವಳ ಹೆಸರು. ಹಾಗೆಂದು ಆರ್ನೌಟ್ ಮಾತು ಕೊಟ್ಟಿದ್ದ. ಅವಳ ಅಪ್ಪನ ಹತ್ತಿರವೇ ಕೆಲಸ ಕಲಿತವನು ಅವನು. ಮದುವೆಯಾಗಿ, ಚಿತ್ರಕಾರರ ಸಂಘದಲ್ಲಿ ಯಜಮಾನನೆಂದು ಸೇರಿದ ಮೇಲೆ ಅವನ ಕೈ ಉಳಿಯನ್ನು ಬಿಟ್ಟು ಬೀರಿನ ಲೋಟವನ್ನು ಹಿಡಿದಿತ್ತು. ಅಂದಿನಿಂದ ಈ ಅಂಗಡಿಯ ಸಂತರು, ಬಿಷಪ್ಪರು, ದಂಡನಾಯಕರು ಎಲ್ಲರೂ ಅವಳ ಕೈಯಲ್ಲಿ ಹುಟ್ಟಿದ್ದರು, ಅವನ ಹೆಸರಿನಲ್ಲಿ ಊರು ಸುತ್ತಿದ್ದರು. ಈ ಸಲ ನಿನ್ನ ಹೆಸರೇ, ಎಂದಿದ್ದ. ಹಾಗೆಂದಿದ್ದವನು ಇವತ್ತು ಬೆಳಿಗ್ಗೆ, ಸಂಘದವರು ನಡೆಸುವ ಸಂತ ಲೂಕನ ಹಬ್ಬದ ಔತಣಕ್ಕೆ ಹೊರಡುವ ಮುಂಚೆ, ಹೊಸ ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಸೀಮೆಸುಣ್ಣದ ತುಂಡು ತೆಗೆದುಕೊಂಡು ಪೀಠದ ಮೇಲೆ ತನ್ನ ಹೆಸರನ್ನು ಬರೆದು, ಗಿರಾಕಿ ದೊಡ್ಡವನು, ಬೇಜಾರು ಮಾಡಿಕೊಳ್ಳಬೇಡ, ಮುಂದಿನ ಸಲ ನೋಡೋಣ, ಎಂದು ಅವಳ ತಲೆ ಸವರಿ ಹೋಗಿದ್ದ.

ಅದೂ ನೇರವಾಗಿ ಬರೆದಿದ್ದ. ತಾಮ್ರದ ಮೇಲೆ ಅಕ್ಷರವನ್ನು ಬಲದಿಂದ ಎಡಕ್ಕೆ, ತಿರುವಿ ಬರೆಯಬೇಕು, ಆಗ ಕಾಗದದ ಮೇಲೆ ಸರಿಯಾಗಿ ಬೀಳುತ್ತದೆ. ಮಕ್ಕಳಿಗೂ ಗೊತ್ತಿರುವ ಸಂಗತಿ. ಕೈಯಿಂದ ಕೆಲಸ ಹೋಗಿ ಎಷ್ಟು ವರ್ಷವಾಯಿತೆಂದರೆ, ಅವನಿಗೆ ಅದೂ ಮರೆತುಹೋಗಿತ್ತು.

ಕೋಪ ಬಂದಾಗ ಕೆತ್ತಬಾರದು, ಉಳಿ ಜಾರುತ್ತದೆ. ಅದಕ್ಕಾಗಿ ಗೊದೆಲೀವ ಕೋಪವನ್ನು ಎಡ ಪಕ್ಕೆಯ ಕೆಳಗೆ, ಹಿಡಿದ ಉಸಿರಿನ ಹಾಗೆ, ಇಟ್ಟುಕೊಳ್ಳುವುದನ್ನು ಕಲಿತಿದ್ದಳು. ಇವತ್ತು ಅಲ್ಲಿ ಜಾಗ ಸಾಲುತ್ತಿರಲಿಲ್ಲ. ಬೆಳಿಗ್ಗೆಯಿಂದ ಅವಳು ಎರಡು ಯೋಚನೆಗಳ ನಡುವೆ ಓಡಾಡುತ್ತಿದ್ದಳು. ಒಂದು, ಅವನು ಬಂದ ಕೂಡಲೇ ಎಲ್ಲರ ಎದುರಿಗೆ ಜಗಳ ತೆಗೆಯುವುದು. ಇನ್ನೊಂದು, ಉಳಿಯನ್ನು ನಗರಸಭೆಯ ಹಿರಿಯನ ಹಣೆಯ ಮೇಲಿಟ್ಟು ಗದ್ದದವರೆಗೆ ಒಂದೇ ಗೀಟು ಎಳೆಯುವುದು. ಎರಡರಿಂದಲೂ ಏನೂ ಆಗುವುದಿಲ್ಲವೆಂದು ಗೊತ್ತಿದ್ದದ್ದೇ ಅವಳನ್ನು ಇನ್ನಷ್ಟು ಸುಡುತ್ತಿತ್ತು. ಕೊನೆಗೆ ಆ ಹೆಸರನ್ನು ತಿರುವಿ ಬರೆದು, ಕೆತ್ತಿ ಕೊಡಬೇಕಾದವಳೂ ಅವಳೇ.

ಹೊರಗೆ ಸ್ಕೆಲ್ಡ್ ನದಿಯ ಕಡೆಯಿಂದ ಮಳೆ ಹೊಡೆಯುತ್ತಿತ್ತು. ನೆತ್ತಿಯ ಮೇಲೆ ಕಟ್ಟಿದ ಹಗ್ಗಗಳಲ್ಲಿ ನಿನ್ನೆ ಹಾಕಿದ ಪ್ರತಿಗಳು ಇನ್ನೂ ಒದ್ದೆಯಾಗಿಯೇ ನೇತಾಡುತ್ತಿದ್ದವು. ಅಚ್ಚಿನ ಯಂತ್ರ ನಡೆಸುವ ಫ್ಲೋರಿಸ್, ಅಗಲ ಹೆಗಲಿನ ಗಂಡಸು, ಇನ್ನು ಕಾಗದ ಹಾಕಿ ಪ್ರಯೋಜನವಿಲ್ಲವೆಂದು ಅಂಗೈಯ ಮಸಿಯನ್ನು ಚಿಂದಿಗೆ ಒರೆಸಿಕೊಳ್ಳುತ್ತ ಕೂತಿದ್ದ. ಚಿತ್ರಗಳಿಗೆ ಬಣ್ಣ ಹಾಕುವ ಮಾಯ್ಕೆನ್, ನಾಲ್ವರು ಸಂತರಿಗೆ ಕೆಂಪು ನಿಲುವಂಗಿ ತೊಡಿಸಿ ಐದನೆಯವನಿಗೆ ಬಣ್ಣ ಮುಗಿದುಹೋಗಿದ್ದರಿಂದ ಕುಂಚ ತೊಳೆಯುತ್ತಿದ್ದಳು. ಔತಣಕ್ಕೆ ಕರೆಯಿಲ್ಲದವರು ಇವರು.

ಹಿಂದಿನ ಕೋಣೆಯಿಂದ ಪಾಸ್ಕೀನಜ್ಜಿ ಬಂದಳು, ಕಾಲು ಕಾಯಿಸುವ ಕೆಂಡದ ಪೆಟ್ಟಿಗೆಯನ್ನು ಕೈಯಲ್ಲಿ ತೂಗಾಡಿಸುತ್ತ. ಮನೆ ಅವಳದು, ಅಂಗಡಿಯನ್ನು ಆರ್ನೌಟನಿಗೆ ಬಿಟ್ಟುಕೊಟ್ಟು ಹಿಂದಿನ ಕೋಣೆಯೊಂದನ್ನು ತನಗಿಟ್ಟುಕೊಂಡಿದ್ದಳು. ಆ ಬೀದಿಯಲ್ಲಿ ವಿಧವೆಯರಿಗೇನೂ ಬರವಿರಲಿಲ್ಲ. ಅಂಗಡಿಯ ಹಲಗೆಯ ಮೇಲೂ ಜನರ ಬಾಯಲ್ಲೂ ಅವರಿಗೆ ಗಂಡಂದಿರ ಹೆಸರೇ: ಹೈಬರ್ಸನ ವಿಧವೆ, ಫಾನ್ ಲೋಕನ ವಿಧವೆ. ಇವಳನ್ನು ಮಾತ್ರ ಎಲ್ಲರೂ ಪಾಸ್ಕೀನ ಎಂದೇ ಕರೆಯುತ್ತಿದ್ದರು. ಗೊದೆಲೀವ ಅದರ ಬಗ್ಗೆ ಯಾವತ್ತೂ ಯೋಚಿಸಿರಲಿಲ್ಲ.

ಮಾಯ್ಕೆನ್ ಅಷ್ಟರಲ್ಲಿ ತಗಡಿನ ಮೇಲೆ ಬಗ್ಗಿ ನೋಡಿ ನಕ್ಕಳು. "ಇದೇನಕ್ಕ, ಯಜಮಾನ್ರು ನೇರವಾಗಿ ಬರ್ದಿದ್ದಾರೆ? ಹೀಗೇ ಅಚ್ಚು ಹಾಕಿದ್ರೆ ಪ್ರತಿ ಜೊತೆ ಗಿರಾಕಿಗೊಂದೊಂದು ಕನ್ನಡೀನೂ ಕೊಡ್ಬೇಕು."

"ಆ ಹೆಸರೊಂದನ್ನಾದ್ರೂ ಅವರ ಕೈಯಾರೆ ಕೆತ್ತಿದ್ರೆ, ಸುಳ್ಳು ಅರ್ಧ ಕಮ್ಮಿಯಾಗ್ತಿತ್ತು," ಎಂದ ಫ್ಲೋರಿಸ್, ಯಾರ ಮುಖವನ್ನೂ ನೋಡದೆ.

ಅಜ್ಜಿ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ಸೀಮೆಸುಣ್ಣದ ಅಕ್ಷರಗಳನ್ನು ಓದಿದಳು. ಆರ್ನೌಟನ ಹೆಸರು, ಅದರ ಮುಂದೆ ರೂಢಿಯ ಆ ಲ್ಯಾಟಿನ್ ಪದ, ಕೆತ್ತಿದ್ದು ಎಂಬುದು. ಆ ಭಾಷೆಯಲ್ಲಿ ಆ ಪದಕ್ಕೆ ಗಂಡು ಹೆಣ್ಣಿನ ಭೇದವಿಲ್ಲ. ಕೆತ್ತಿದನೋ ಕೆತ್ತಿದಳೋ ಎಂಬುದನ್ನು ಹೆಸರೇ ಹೇಳಬೇಕು.

"ಹೂಂ," ಎಂದಳು ಅಜ್ಜಿ. ಮೇಜಿನ ಪಕ್ಕ ಮುಕ್ಕಾಲಿ ಎಳೆದುಕೊಂಡು, ಕೆಂಡದ ಪೆಟ್ಟಿಗೆಯ ಮೇಲೆ ಎರಡೂ ಕಾಲಿಟ್ಟು, ಲಂಗವನ್ನು ಅದರ ಮೇಲೆ ಇಳಿಬಿಟ್ಟಳು. ಮಾಯ್ಕೆನ್ ದೀಪಕ್ಕೆ ಎದ್ದರೆ ಬೇಡವೆಂದು ಕೈಸನ್ನೆ ಮಾಡಿದಳು. "ಎಣ್ಣೆ ಯಾಕೆ ಸುಡ್ತೀಯ? ಕಿವಿಗೆ ಬೆಳಕು ಬೇಕಾ? ಕೂತ್ಕೊ. ಈ ಅಂಗಡೀಲಿ ಹೆಸರು ತಿಂದೋಳ ಕತೆ ಕೇಳಿದೀರಾ ನೀವು? ಕೇಳಿರಲ್ಲ. ಹೇಳೋಕೆ ನಾನೊಬ್ಳೇ ಉಳ್ದಿರೋದು."

ಆಮೇಲೆ ಅವಳು ಹೇಳಿದ್ದು ಹೀಗೆ.

"ಇದೇ ಅಂಗಡಿ, ಇದೇ ಕಿಟಕಿ. ಈಗ ನೀನು ಕೂತಿದೀಯಲ್ಲ ಗೊದೆಲೀವ, ಅಲ್ಲೇ, ಬೆಳಕು ಎಡಗಡೆಯಿಂದ ಬೀಳೋ ಹಾಗೆ ಕೂತ್ಕೊಂಡು ಕೆತ್ತೋಳು ಡಿಗ್ನಾ. ನನ್ನ ಗಂಡನ ಮೊದಲ್ನೇ ಹೆಂಡ್ತಿ. ನಾನು ಅವಳು ಹೋದ್ಮೇಲೆ ಬಂದೋಳು... ಏನ್ ಹಾಗೆ ನೋಡ್ತೀರ, ನನಗೂ ಗಂಡ ಅಂತ ಒಬ್ಬ ಇದ್ದ. ಡಿಗ್ನಾ ಬೆಳ್ಳಿ ಕೆಲಸದವನ ಮಗಳು. ಚಿಕ್ಕೋಳಿದ್ದಾಗ್ಲೇ ಚಮಚದ ಹಿಡಿ ಮೇಲೆ ಮದುವೆ ಹೆಣ್ಣುಗಳ ಹೆಸರು ಕೆತ್ತಿ ಕೆತ್ತಿ ಕೈ ಪಳಗಿತ್ತು. ಇವನ ಹತ್ರ ಏನಿತ್ತು? ಯಂತ್ರ ಇತ್ತು, ಅಂಗಡಿ ಇತ್ತು, ಸಂಘದಲ್ಲಿ ಯಜಮಾನ ಅನ್ನೋ ಹೆಸರಿತ್ತು. ಕೈಯಲ್ಲಿ ಏನೂ ಇರ್ಲಿಲ್ಲ.

"ಒಂದ್ಸಲ ಒಬ್ಬ ದಂಡನಾಯಕನ ಮುಖ ಕೆತ್ತೋ ಕೆಲಸ ಬಂತು. ಎದೆಗೆ ಕಬ್ಬಿಣದ ಕವಚ, ಅದರ ಮೇಲೆ ಈಟು ಅಗಲದ ಕಸೂತಿ ಕೊರಳಪಟ್ಟಿ. ನೀವೇ ಹೇಳಿ, ಕಬ್ಬಿಣಾನೂ ಕಪ್ಪು ಮಸೀಲಿ, ಕಸೂತೀನೂ ಅದೇ ಕಪ್ಪು ಮಸೀಲಿ. ನೋಡ್ದೋರಿಗೆ ಒಂದು ತಣ್ಣಗೆ ಕೊರೀಬೇಕು, ಇನ್ನೊಂದು ಊದಿದ್ರೆ ಹಾರ್ಬೇಕು. ಹಾಗೆ ಕೆತ್ತಿದ್ಲು ಕಣ್ರೇ ಅವಳು. ಬಸುರಿ ಬೇರೆ. ಹೊಟ್ಟೆ ಬೆಳೀತಾ ಬೆಳೀತಾ ಮೇಜು ದೂರ ಆಗ್ತಾ ಹೋಯ್ತು, ಕೈ ಚಾಚಿ ಚಾಚಿ ಕೆತ್ತಿದ್ಲು. ಎಲ್ಲಾ ಮುಗಿದ್ಮೇಲೆ ಕೆಳಗೆ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ, ತನ್ನ ಹೆಸರು ಹಾಕಿದ್ಲು. ಡಿಗ್ನಾ ಕೆತ್ತಿದ್ದು. ಅಷ್ಟೇ. ಯಾರ ಅಪ್ಪನ ಗಂಟು ಹೋಯ್ತು ಹೇಳಿ?

"ಇವನೂ ಮೊದಲು ಏನೂ ಅನ್ಲಿಲ್ಲ. ಪ್ರತಿಗಳು ಬಿಸಿ ದೋಸೆ ಹಂಗೆ..." ಎನ್ನುತ್ತ ಅಜ್ಜಿ ತಡೆದು, ಕೈಯಿಂದ ಗಾಳಿಯಲ್ಲಿ ಏನನ್ನೋ ಹಂಚಿದಂತೆ ಮಾಡಿದಳು.

ಕತೆ ಹೇಳುವ ನಾನು ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಅವಳು ಅಂದದ್ದು ಜಾತ್ರೆಯ ಕಬ್ಬಿಣದ ಅಚ್ಚಿನಲ್ಲಿ ಸುಡುವ ಅವರೂರಿನ ಚೌಕದ ದೋಸೆ, ನಮ್ಮದಲ್ಲ. ಬಿಸಿ ಇದ್ದಾಗ ಮುಗಿಬೀಳುವುದು ಮಾತ್ರ ಎಲ್ಲ ಊರಲ್ಲೂ ಒಂದೇ.

"ಹಾಗೆ ಖರ್ಚಾದ್ವು. ಆಮೇಲೆ ಬಂತು ನೋಡಿ ಈ ಸಂತ ಲೂಕನ ಹಬ್ಬ. ಇದೇ ಔತಣ. ಹೊಟ್ಟೆ ತುಂಬಿದ್ಮೇಲೆ ಗಂಡಸ್ರ ಬಾಯಿಗೆ ಕೆಲಸ ಬೇಕಲ್ಲ? ಯಾರೋ ಒಬ್ಬ ಕೇಳಿದ್ನಂತೆ, ಏನಯ್ಯಾ, ಮನೇಲಿ ಉಳಿ ಹಿಡಿಯೋಳು ಹೆಂಡ್ತಿಯಾದ್ರೆ ತೊಟ್ಟಿಲು ತೂಗೋನು ನೀನೋ, ಅಂತ. ಊಟದ ಮನೆ ಎಲ್ಲಾ ನಕ್ಕುಬಿಡ್ತು. ಇವನೂ ನಕ್ಕ. ನಕ್ಕೊಂಡೇ ಮನೆಗೆ ಬಂದ. ಡಿಗ್ನಾ ಮೇಲಿನ ಕೋಣೇಲಿ ಹೆತ್ತು ಮಲಗಿದ್ಲು, ಎರಡು ದಿನದ ಬಾಣಂತಿ. ಇವನು ಹೆರೆಯೋ ಚೂರಿ ತಗೊಂಡ. ಅವಳ ಹೆಸರನ್ನ ಹೆರೆದ. ಉಕ್ಕಿನ ಕಡ್ಡಿಗೆ ಎಣ್ಣೆ ಹಚ್ಚಿ ಉಜ್ಜಿದ. ಆದ್ರೆ ತಾಮ್ರ ಹೆರೆದ್ರೆ ಆ ಜಾಗ ತಗ್ಗಾಗುತ್ತೆ... ಹೌದೋ ಅಲ್ವೋ?"

"ಹೌದು," ಎಂದ ಫ್ಲೋರಿಸ್. "ತಗ್ಗಲ್ಲಿ ಮಸಿ ನಿಂತು ಮಚ್ಚೆ ಹಾಗೆ ಬೀಳುತ್ತೆ. ತಗಡು ಮಗುಚಿ ಹಿಂದಿನಿಂದ ಬಡೀಬೇಕು, ಸಮ ಆಗೋ ತನಕ."

"ಬಡೀಬೇಕು. ಬಡಿದ. ಟಕ್... ಟಕ್... ಟಕ್... ಮೇಲೆ ಮಲಗಿದ್ದೋಳು ಆ ಸದ್ದು ಕೇಳಿದ್ಲು. ಅದು ಏನು ಸದ್ದು ಅಂತ ಕೆತ್ತೋ ಹೆಂಗಸಿಗೆ ಯಾರಾದ್ರೂ ಹೇಳ್ಕೊಡ್ಬೇಕಾ? ಅದು ತಪ್ಪು ತಿದ್ದೋ ಸದ್ದು. ಯಾವ ತಪ್ಪು? ಕಣ್ಣು ಸರಿ ಇತ್ತು, ಕೊರಳಪಟ್ಟಿ ಸರಿ ಇತ್ತು, ನಾನು ಬಿಟ್ಟಿರೋ ತಪ್ಪು ಯಾವ್ದು, ಅಂತ ಮಲಗಿದಲ್ಲೇ ಇಡೀ ಮುಖ ಮನಸಲ್ಲಿ ತಡವಿ ತಡವಿ ನೋಡಿದ್ಲಂತೆ ಪಾಪ. ಸೂಲಗಿತ್ತಿ ಬೇಡ ಬೇಡ ಅಂದ್ರೂ ಎದ್ದು, ಗೋಡೆ ಹಿಡ್ಕೊಂಡು, ಹೆಜ್ಜೆ ಹೆಜ್ಜೆಗೂ ರಕ್ತ ಸುರಿಸ್ಕೊಂಡು ಇಳಿದು ಬಂದ್ಲು. ಆ ಸೂಲಗಿತ್ತೀನೇ ನನಗೆ ಇದನ್ನ ಹೇಳಿದ್ದು. ಬಂದೋಳು ಅವನ ಕಡೆ ನೋಡ್ಲಿಲ್ಲ. ತಗಡು ಎತ್ಕೊಂಡ್ಲು. ಮುಂದೆ ನೋಡಿದ್ಲು, ನುಣ್ಣಗಿತ್ತು. ಮಗುಚಿ ಬೆನ್ನು ನೋಡಿದ್ಲು. ಅಲ್ಲಿ ಇದ್ವಲ್ಲ, ಸಾಲಾಗಿ, ಸುತ್ತಿಗೆ ಕುಳಿಗಳು. ಹೆಬ್ಬೆರಳಿಟ್ಟು ಒಂದೊಂದೇ ಮುಟ್ಟಿದ್ಲು. ಮುಟ್ಟಿ ಹೇಳಿದ್ಲು, 'ಮುಂದೆ ನೀನು ಎಷ್ಟು ಬೇಕಾದ್ರೂ ಉಜ್ಜಿಕೊ. ಬೆನ್ನು ಸುಳ್ಳು ಹೇಳಲ್ಲ. ಈ ಜಾಗ ನನ್ನದು. ನಂದಲ್ಲದ ಹೆಸರು ಇಲ್ಲಿ ಬಂದು ಕೂತ್ರೆ, ಅದನ್ನ ನಾನು ತಿಂತೀನಿ.' ಕೂಗ್ಲಿಲ್ಲ, ಅಳ್ಲಿಲ್ಲ. ಮೇಲೆ ಹೋಗಿ ಮಲಗಿದ್ಲು. ಆ ವಾರವೇ ಜ್ವರ ಏರಿ ಹೋದ್ಲು. ಕೂಸು ಅವಳಿಗಿಂತ ಮುಂಚೆ ಹೋಯ್ತು."

ಮಳೆ ಜೋರಾಯಿತು. ಗೊದೆಲೀವ ಉಳಿಯನ್ನು ಯಾವಾಗಲೋ ಕೆಳಗಿಟ್ಟಿದ್ದಳು. ಅವಳ ಎಡಗೈ ಮಾತ್ರ ತಗಡಿನ ಕೆಳಗೇ ಇತ್ತು, ಬೆನ್ನಿಗೆ ತಾಗಿಕೊಂಡು. ಆ ತಗಡು ಇದೇ ಎಂದು ಯಾರೂ ಇನ್ನೂ ಹೇಳಿರಲಿಲ್ಲ. ಆದರೂ ಅವಳಿಗೆ ಬೆರಳು ಅಲುಗಿಸಬೇಕು ಅನ್ನಿಸಲಿಲ್ಲ.

"ಅವನು ಆ ಜಾಗದಲ್ಲಿ ತನ್ನ ಹೆಸರು ಕೆತ್ತಿಕೊಂಡ," ಅಜ್ಜಿ ಮುಂದುವರಿಸಿದಳು. "ಕೈ ಒರಟು, ಅಕ್ಷರ ಸೊಟ್ಟ, ಆದ್ರೂ ಕೆತ್ತಿದ. ಮೊದಲ್ನೇ ಪ್ರತಿಗಳು ಚೆನ್ನಾಗೇ ಬಂದ್ವು. ಆಮೇಲೊಂದು ಮಳೆ ದಿನ, ಹೀಗೇ ಕಾಗದ ತಾನಾಗೇ ಒದ್ದೆಯಾಗೋಂಥ ದಿನ, ಅವನ ಹೆಸರಿನ ಕೆಳಗೆ ಜೇಡನ ಕಾಲಿನ ಹಾಗೆ ಏನೋ ಬೂದುಬೂದಾಗಿ ಕಾಣಿಸ್ತು. ಕಣ್ಣಿಗೆ ಹತ್ರ ಹಿಡಿದ್ರೆ, ಡಿಗ್ನಾ."

"ಹೆರೆದಿದ್ದು ಸಾಲದಿದ್ರೆ ಹಳೇ ಗೆರೆ ಎದ್ದು ಬರುತ್ತೆ ಅಜ್ಜಿ. ಅದು ಆಗೋದೇ," ಎಂದ ಫ್ಲೋರಿಸ್. ದನಿ ಅಷ್ಟು ಗಟ್ಟಿಯಾಗಿರಲಿಲ್ಲ.

"ಆಗೋದೇ ಮಗಾ. ಅವನೂ ಹಾಗೇ ಅಂದ್ಕೊಂಡ. ಮತ್ತೆ ಹೆರೆದ, ಮತ್ತೆ ಉಜ್ಜಿದ, ಮತ್ತೆ ಬಡಿದ. ಅವಳ ಹೆಸರು ಹೋಯ್ತು. ಆಮೇಲೆ ಆಗಿದ್ದು ಆಗೋದಲ್ಲ. ಅವನ ಹೆಸರು ಅಚ್ಚಾಗೋದೇ ನಿಂತುಹೋಯ್ತು. ತಗಡಿನ ಮೇಲೆ ಉಗುರು ಓಡಿಸಿದ್ರೆ ಅಕ್ಷರ ತಾಗುತ್ತೆ, ಆಳವಾಗಿದೆ, ಮಸಿ ಕೂತಿರೋದೂ ಕಾಣುತ್ತೆ. ಕಾಗದ ಎತ್ತಿದ್ರೆ ಆ ಜಾಗ ಬಿಳೀ. ಕವಚ ಬಿದ್ದಿದೆ, ಕಸೂತಿ ಬಿದ್ದಿದೆ, ಹುಬ್ಬಿನ ಒಂದೊಂದು ಕೂದಲೂ ಬಿದ್ದಿದೆ. ಇವನಿಲ್ಲ.

"ತಗಡಿನಲ್ಲೇ ಮುಗಿದಿದ್ರೆ ಒಂದು ಲೆಕ್ಕ. ಸಂಘದಲ್ಲಿ ಹಿರಿಯರು ಯಜಮಾನರ ಹೆಸರು ಓದ್ತಾ ಓದ್ತಾ ಇವನ ಹತ್ರ ಬಂದು ಕನ್ನಡಕ ಒರೆಸ್ಕೊಂಡು ಮುಂದಿನವನಿಗೆ ಹೋಗ್ಬಿಟ್ರು. ಗಿರಾಕಿಗಳು ಬಂದು, ಅವ್ರು ಇದಾರಾ, ಅದೇ ಅವ್ರು, ಆ ದಂಡನಾಯಕನ್ನ ಕೆತ್ತಿದೋರು, ಅಂತ ತಡವರಿಸೋರು. ನನ್ನ ಮದುವೆ ದಿನ ಪಾದ್ರಿಗಳು ನನ್ನ ಹೆಸರನ್ನ ಇಡೀ ಚರ್ಚಿಗೆ ಕೇಳೋ ಹಾಗೆ ಹೇಳಿದ್ರು. ಅವನ ಹೆಸರು ಬಂದಾಗ ಕೆಮ್ಮಿದ್ರು. ಕೆಮ್ಮಿ, 'ಈ ಮನುಷ್ಯ' ಅಂದ್ರು. ಈ ಮನುಷ್ಯನ ಜೊತೆ ನನಗೆ ಮದುವೆ ಆಯ್ತು. ಚಿಕ್ಕ ಹುಡುಗಿ ನಾನು, ಪಾದ್ರಿಗಳಿಗೆ ನೆಗಡಿ ಅಂದ್ಕೊಂಡೆ.

"ಆಮೇಲೆ ಅವನಿಗೇ ಭಯ ಶುರುವಾಯ್ತು. ತನ್ನ ಹೆಸರು ಎಲ್ಲಿ ತನಗೇ ಮರೆತುಹೋಗುತ್ತೋ ಅಂತ. ಸಿಕ್ಕಿದ್ದಕ್ಕೆಲ್ಲಾ ಕೆತ್ತೋಕೆ ಶುರು ಮಾಡ್ದ. ಕಿಟಕಿ ಚೌಕಟ್ಟು, ಮೆಟ್ಟಿಲ ಕಟಕಟೆ, ಮಂಚದ ಕಾಲು. ಬೆಳಗಾಗೋದ್ರಲ್ಲಿ ನುಣ್ಣಗೆ. ತಾಯಿ ಮಗೂನ ಕೆನ್ನೆ ಒರೆಸಿದ ಹಾಗೆ ನುಣ್ಣಗೆ. ಈ ಮೇಜಿನ ಅಂಚಿಗೆ ಮೊಣಕೈ ಊರಿದೀಯಲ್ಲ ಮಾಯ್ಕೆನ್, ಸವೆದು ತಗ್ಗಾಗಿದೆ ನೋಡು ಅಲ್ಲಿ. ಮೊಣಕೈ ಊರಿ ಊರಿ ಸವೆದಿದ್ದು ಅಂದ್ಕೊಂಡಿದ್ಯಾ?"

ಮಾಯ್ಕೆನ್ ಮೊಣಕೈಯನ್ನು ಮೆಲ್ಲಗೆ ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ನೀವು ಅವಳನ್ನ ನೋಡಿದೀರಾ ಅಜ್ಜಿ?" ಎಂದು ಗೊದೆಲೀವ ಕೇಳಿದಳು. ಇವತ್ತು ಮಧ್ಯಾಹ್ನದಿಂದ ಅವಳಾಡಿದ ಮೊದಲ ಮಾತು ಅದು.

"ನೋಡಿದೀನಿ. ಒಂದೇ ಸಲ. ಹಗಲು ಹೊತ್ತೇ. ಮಳೆ ಹಿಡಿದಿತ್ತು, ಅವನು ಮೇಲೆ ಕಾಯಿಲೆ ಬಿದ್ದಿದ್ದ, ನಾನು ಕಾಗದದ ಕಟ್ಟು ತೇವ ಜಾಸ್ತಿಯಾಗಿ ಬೂಷ್ಟು ಹಿಡಿದಿದ್ಯೇನೋ ಅಂತ ನೋಡೋಕೆ ಇಳಿದು ಬಂದೆ. ಸರ್... ಸರ್... ಅಂತ ಸದ್ದು. ಎಣ್ಣೆ ಹಚ್ಚಿದ ಉಕ್ಕು ತಾಮ್ರದ ಮೇಲೆ ಓಡೋ ಸದ್ದು. ಕಿಟಕಿ ಹತ್ರ ಬಾಣಂತಿ ಕುಲಾವಿ ಕಟ್ಕೊಂಡು ಒಬ್ಳು ಕೂತಿದ್ಲು. ದೆವ್ವ ಅಂದ್ರೆ ಕೂದಲು ಕೆದರ್ಕೊಂಡು, ಹಲ್ಲು ಕಿರ್ಕೊಂಡು ಬರುತ್ತೆ ಅಂತ ಹೇಳ್ತಾರಲ್ಲ? ಸುಳ್ಳು. ಅದು ಕೆಲಸ ಮಾಡ್ತಾ ಕೂತಿತ್ತು. ನಾಲಗೆ ತುದಿ ಬಾಯಿ ಮೂಲೇಲಿ ಇಟ್ಕೊಂಡು, ಮೈಮರೆತು, ಉಜ್ಜುತ್ತಾ ಇತ್ತು. ಆದ್ರೆ ಆ ಬೆನ್ನು ನೋಡ್ಬೇಕಿತ್ತು ನೀವು... ಅಷ್ಟು ಕೋಪ ಇರೋ ಬೆನ್ನು ನಾನು ಆಮೇಲೆ ಯಾರಲ್ಲೂ ನೋಡಿಲ್ಲ." ಅಜ್ಜಿಯ ಕಣ್ಣು ಗೊದೆಲೀವಳ ಬೆನ್ನಿನ ಮೇಲೆ ಹರಿಯಿತು. "ನೋಡಿಲ್ಲ ಅಂದ್ನಾ? ಇರ್ಲಿ.

"ಅವಳು ತಲೆ ಎತ್ತದೇನೇ ಹೇಳಿದ್ಲು, 'ಬೆಳಕಿಗೆ ಅಡ್ಡ ನಿಲ್ಬೇಡ.' ಸರಿದು ನಿಂತೆ. ಇನ್ನೇನು ಮಾಡ್ಲಿ? ಆಗ ನನ್ನ ಕಡೆ ತಿರುಗಿ ನೋಡಿ ಕೇಳಿದ್ಲು, 'ನಿನ್ನ ಹೆಸರೇನು?' ಈ ಮನೇಲಿ ಅದನ್ನ ಯಾರೂ ಕೇಳಿರ್ಲಿಲ್ಲ ಕಣ್ರೇ. ಏ, ಇವಳೇ, ಬಾರೇ, ಇಷ್ಟೇ. ಪಾಸ್ಕೀನ, ಅಂದೆ. ಅವಳೂ ಒಂದ್ಸಲ ಅಂದು ನೋಡಿದ್ಲು, ಪಾಸ್ಕೀನ, ಅಂತ, ರುಚಿ ನೋಡೋ ಹಾಗೆ. 'ಸರಿ. ಅದು ನಿಂದೇ. ಇಟ್ಕೋ,' ಅಂದ್ಲು. ಮತ್ತೆ ಕೆಲಸಕ್ಕೆ ಬಗ್ಗಿದ್ಲು.

"ಕೊನೇಗಾಲದಲ್ಲಿ ಅವನು ನನ್ನ ಕೈ ಹಿಡ್ಕೊಂಡು ಒಂದೇ ಒಂದು ಕೇಳಿದ. ಪಾದ್ರಿ ಬೇಡ, ನೀರು ಬೇಡ. ಒಂದ್ಸಲ ನನ್ನ ಹೆಸರು ಹಿಡಿದು ಕರಿ ಪಾಸ್ಕೀನ, ಅಂದ. ನಾನು ಬಾಯಿ ತೆಗೆದೆ..."

ಅಜ್ಜಿ ಬಾಯಿ ತೆರೆದಳು. ತೆರೆದ ಬಾಯಿ ಹಾಗೆಯೇ ಇತ್ತು. ಹಗ್ಗದ ಮೇಲಿನ ಒಂದು ಪ್ರತಿಯಿಂದ ನೀರಿನ ಹನಿ ತೊಟ್ಟಿಕ್ಕಿತು. ಆಮೇಲೆ ಬಾಯಿ ಮುಚ್ಚಿಕೊಂಡಳು.

"ಹಾಗೇ ಹೋದ," ಎಂದಳು. "ಸಮಾಧಿ ಕಲ್ಲಿಗೂ ಹೆಸರು ಕೆತ್ತಿಸ್ದೆ. ಚರ್ಚಿನ ಹಿಂದುಗಡೆ ಗೋಡೆ ಪಕ್ಕ ಒಂದು ನುಣ್ಣನೆ ಕಲ್ಲಿದೆ, ಹುಡುಗ್ರು ಕುರಿ ಮೂಳೆ ಎಸೆದು ಕವಡೆ ಹಾಗೆ ಆಡ್ತಾರಲ್ಲ, ನೋಡಿದೀರಲ್ಲ? ಆಡ್ಲಿ. ಆಡೋಕೆ ಒಳ್ಳೇ ಕಲ್ಲು."

ಮಾಯ್ಕೆನ್ ಪಿಸುದನಿಯಲ್ಲಿ ಕೇಳಿದಳು, ಅವರ ಹೆಸರೇನಿತ್ತು ಅಜ್ಜಿ, ಎಂದು.

"ಹೇಳ್ದೆನಲ್ಲ ಮಗಳೇ," ಎಂದಳು ಅಜ್ಜಿ ಮೆತ್ತಗೆ. "ಅಷ್ಟೊತ್ತಿಂದ ಅದನ್ನೇ ಹೇಳ್ತಾ ಇದೀನಿ. ಈ ಬೀದೀಲಿ ಎಲ್ಲಾ ವಿಧವೆಯರಿಗೂ ಗಂಡನ ಹೆಸರಿದೆ. ನನಗೆ ಯಾಕಿಲ್ಲ ಅಂತ ನಿಮಗೆ ಯಾವತ್ತೂ ಅನ್ನಿಸ್ಲಿಲ್ವಾ?"

ಫ್ಲೋರಿಸ್ ಶಿಲುಬೆಯ ಗುರುತು ಮಾಡಿಕೊಂಡ. ಮಸಿ ಅಂಟಿದ ಬೆರಳು ಹಣೆಯ ಮೇಲೆ ಒಂದು ಚುಕ್ಕೆ ಬಿಟ್ಟಿತು.

"ಆ ತಗಡು?" ಎಂದಳು ಗೊದೆಲೀವ.

"ತಾಮ್ರಾನ ಯಾರಾದ್ರೂ ಎಸೀತಾರಾ? ಅಟ್ಟದಲ್ಲಿ ಇದ್ದಿಲು ಚೀಲದ ಕೆಳಗೆ ಹಾಕಿದ್ದೆ. ಚಳಿಗಾಲ ಮುಗಿದ್ಮೇಲೆ ಹತ್ತಿ ನೋಡ್ದೆ, ಇರ್ಲಿಲ್ಲ. ಯಾರೋ ತಗೊಂಡು ದಂಡನಾಯಕನ್ನ ಹೆರೆದು ಇನ್ಯಾರದೋ ಮುಖ ಕೆತ್ತಿಸ್ತಿರಬಹುದು. ಕೆತ್ತಿಸ್ಲಿ. ಮುಖದ ಮೇಲೆ ಅವಳಿಗೇನೂ ಸಿಟ್ಟಿಲ್ಲ. ಕೆಳಗೆ ಒಂದು ಸಾಲು ಜಾಗ ಇದೆಯಲ್ಲ, ಅಷ್ಟೇ ಅವಳದು." ಅಜ್ಜಿ ಗೊದೆಲೀವಳ ಕಡೆ ನೋಡಲೇ ಇಲ್ಲ. ಲಂಗ ಎತ್ತಿ, ಕೆಂಡದ ಪೆಟ್ಟಿಗೆಯನ್ನು ಹಿಡಿದು ಎದ್ದಳು. "ಮಳೆ ಬಂದ ದಿನ ನನಗೆ ನಿದ್ದೆ ಬರಲ್ಲ. ಒಂದೆರಡು ವಾರದಿಂದ ಮತ್ತೆ ಕೇಳಿಸ್ತಾ ಇದೆ, ಆ ಸದ್ದು. ಅಟ್ಟದಿಂದಲ್ಲ. ಇಲ್ಲಿಂದ."

ಅವಳು ಒಳಗೆ ಹೋದ ಮೇಲೆ ಗೊದೆಲೀವ ದಿಂಬಿನ ಮೇಲಿದ್ದ ತಗಡನ್ನು ಮೊದಲ ಸಲ ಪೂರ್ತಿ ಮಗುಚಿ ನೋಡಿದಳು. ಕುಳಿಗಳ ಸಾಲು ಸರಿಯಾಗಿ ಪೀಠದ ಹಿಂದೆ ಇತ್ತು, ಒಂದು ಸಣ್ಣ ಹೆಸರಿನಷ್ಟು ಉದ್ದ. ಅವುಗಳ ಮೇಲೆ ಹೆಬ್ಬೆರಳಿಟ್ಟಳು. ಒಂದೊಂದರಲ್ಲೂ ಅದು ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಹೆದರಿಕೆಯಾಗುತ್ತದೆಂದು ಕಾದಳು. ಹೆದರಿಕೆ ಬರಲಿಲ್ಲ. ಎಡ ಪಕ್ಕೆಯ ಕೆಳಗೆ ಇಡೀ ದಿನ ಹಿಡಿದಿಟ್ಟಿದ್ದ ಕೋಪ ಕರಗಲೂ ಇಲ್ಲ. ಸುಮ್ಮನೆ ಸರಿದು ಇನ್ನೊಬ್ಬಳಿಗೆ ಜಾಗ ಮಾಡಿಕೊಟ್ಟಿತು.

ಬಾಗಿಲು ದಡಾರನೆ ತೆರೆಯಿತು. ಆರ್ನೌಟ್ ಬಂದ, ಮಳೆಯನ್ನೂ ಹುರಿದ ಮಾಂಸದ ವಾಸನೆಯನ್ನೂ ಜೊತೆಗೆ ಕರೆದುಕೊಂಡು. ಕೆಟ್ಟ ಮನುಷ್ಯನಲ್ಲ ಅವನು, ಎಲ್ಲರೂ ಹಾಗೆಂದೇ ಹೇಳುತ್ತಿದ್ದರು. ಫ್ಲೋರಿಸನ ಬೆನ್ನು ತಟ್ಟಿದ, ಕತ್ತಲಲ್ಲಿ ಕೂತು ಯಾರ ಶ್ರಾದ್ಧ ಮಾಡುತ್ತಿದ್ದೀರಿ ಎಂದು ಎಲ್ಲರನ್ನೂ ರೇಗಿಸಿದ, ಕರವಸ್ತ್ರದ ಗಂಟು ಬಿಚ್ಚಿ ಔತಣದ ಜೇನುಕೇಕಿನ ಒಂದು ತುಂಡನ್ನು ಗೊದೆಲೀವಳ ಮುಂದಿಟ್ಟ. ನಿನಗೆಂದೇ ತಂದೆ ಎಂದ. ಊಟದಲ್ಲಿ ಎಲ್ಲರೂ ಈ ಚಿತ್ರದ ಬಗ್ಗೆಯೇ ಕೇಳಿದರಂತೆ; ನಿನ್ನ ಕೈಯಲ್ಲಿ ಏನೋ ಇದೆ ಆರ್ನೌಟ್ ಎಂದು ಸಂಘದ ಹಿರಿಯರೇ ಹೇಳಿದರಂತೆ. ಹೇಳುವಾಗ ಅವನ ಮುಖ ನಿಜವಾಗಿಯೂ ಸಂತೋಷದಿಂದ ಕೆಂಪಾಗಿತ್ತು. ಅವಳಿಗೂ ಸಂತೋಷವಾಗುತ್ತದೆ ಎಂದೇ ಅವನು ನಂಬಿದ್ದ.

ಆಮೇಲೆ ತಗಡಿನ ಕಡೆ ಬಗ್ಗಿದ. "ಹೆಸರು ಇನ್ನೂ ಕೆತ್ತಿಲ್ವಾ ಗೊದೆ?"

"ಬೆಳಕಿರ್ಲಿಲ್ಲ. ನಾಳೆ ಬೆಳಿಗ್ಗೆ."

ಅವನು ಅವಳ ಮುಖ ನೋಡಿದ. ಜಗಳಕ್ಕೆ ಸಿದ್ಧನಾಗಿಯೇ ಬಂದಿದ್ದನೆಂದು ಕಾಣುತ್ತದೆ. ಅದು ಬರದಿದ್ದದ್ದು ಕಂಡು ಅವನ ಹೆಗಲು ಸಡಿಲವಾಯಿತು. "ಆಳವಾಗಿ ಕೆತ್ತು. ಸಾವಿರ ಪ್ರತಿ ಹೋದ್ರೂ ಮಾಸ್ಬಾರ್ದು. ಅವಸರದಲ್ಲಿ ಎಲ್ಲಾದ್ರೂ ಅಕ್ಷರ ತಿಂದುಬಿಟ್ಟೀಯ."

"ನಾನು ತಿನ್ನಲ್ಲ," ಎಂದಳು ಗೊದೆಲೀವ.

ಅವನು ಶಿಳ್ಳೆ ಹಾಕುತ್ತ ಮೆಟ್ಟಿಲು ಹತ್ತಿ ಹೋದ. ಮಾಯ್ಕೆನ್, ಫ್ಲೋರಿಸ್ ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಅವಳು ಕೇಕಿನ ತುಂಡನ್ನು ಮಾಯ್ಕೆನ್‌ಳ ಕೈಗಿಟ್ಟು, ಮಳೆ ಕಡಿಮೆಯಾಗುವ ಹಾಗಿಲ್ಲ, ಇಬ್ಬರೂ ಮನೆಗೆ ಹೊರಡಿ ಎಂದು ಕಳಿಸಿದಳು.

ಒಬ್ಬಳೇ ಆದ ಮೇಲೆ ದೀಪ ಹಚ್ಚಿದಳು. ಒದ್ದೆ ಬಟ್ಟೆಯಿಂದ ಪೀಠದ ಮೇಲಿನ ಸೀಮೆಸುಣ್ಣವನ್ನು ಒರೆಸಿ, ಗಂಡನ ಹೆಸರನ್ನು ತಿರುವಿ, ಬಲದಿಂದ ಎಡಕ್ಕೆ, ಅಚ್ಚುಕಟ್ಟಾಗಿ ಬರೆದಳು. ಅವನ ಹೆಸರು, ಅವನ ಅಪ್ಪನ ಹೆಸರು, ಮನೆತನದ ಹೆಸರು. ಒಂದನ್ನೂ ಮೊಟಕು ಮಾಡಲಿಲ್ಲ. ಅವಳ ಹೆಸರಿಗೆ ಬೇರೆ ತಾಮ್ರ ಸಿಗುತ್ತದೆ. ಇನ್ನೊಬ್ಬಳ ಜಾಗ ಅದಕ್ಕೆ ಬೇಡ. ನಾಳೆ ಬೆಳಿಗ್ಗೆ, ಒಳ್ಳೆಯ ಬೆಳಕಿನಲ್ಲಿ, ಈ ಉಳಿಯಿಂದ ಇದುವರೆಗೆ ಬಂದಿರದಷ್ಟು ಚೆಂದದ ಅಕ್ಷರಗಳಲ್ಲಿ, ಅವನು ಹೇಳಿದಷ್ಟೇ ಆಳವಾಗಿ ಇದನ್ನು ಕೆತ್ತುತ್ತಾಳೆ.

ಸಾಣೆಕಲ್ಲಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು ಉಳಿಯನ್ನು ಮಸೆಯತೊಡಗಿದಳು. ಮಳೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅವಳ ಕೈ ನಿಂತಿತು, ಸದ್ದು ನಿಲ್ಲಲಿಲ್ಲ. ಸರ್... ಸರ್... ಗೊದೆಲೀವ ತಲೆಯೆತ್ತಿ ನೋಡಲಿಲ್ಲ. ದೀಪವನ್ನು ಮೇಜಿನ ನಡುವಿಗೆ ತಳ್ಳಿ, ಬೆಳಕಿಗೆ ಅಡ್ಡವಾಗದಂತೆ ತಾನು ಕೂತಿದ್ದ ಮುಕ್ಕಾಲಿಯನ್ನು ತುಸು ಪಕ್ಕಕ್ಕೆ ಸರಿಸಿಕೊಂಡಳು.